ಅಪ್ಪ ಕೇಳಿದ ಹೊತ್ತು

ಅಪ್ಪನ ಉಯಿಲಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಸಾಲು. ‘ಮಗಳನ್ನು ನನ್ನ ತಂಗಿಯ ಎದುರಿಗೇ ಕೇಳಿದ್ದೇನೆ, ತನಗೇನೂ ಬೇಡವೆಂದಿದ್ದಾಳೆ.’ ಅಂಗಡಿ, ಅದರ ಮೇಲಿನ ಎರಡು ಕೋಣೆ, ಹೊಲಿಗೆ ಯಂತ್ರ ಎಲ್ಲವೂ ಅಣ್ಣನಿಗೆ.

ಅಪ್ಪನ ಲಾಯರು ಅದನ್ನು ಓದುವಾಗ ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ನಾನು ಕೂತಿದ್ದ ಕುರ್ಚಿಯ ಸ್ಪ್ರಿಂಗು ಸಡಿಲವಾಗಿತ್ತು. ಅಂಥ ಹೊತ್ತಿನಲ್ಲೂ ನನ್ನ ಬೆರಳು ಸೀಟಿನ ಅಡಿಗೆ ಹೋಗಿ ಸ್ಪ್ರಿಂಗು ಹಿಡಿದಿಡುವ ಪಟ್ಟಿ ಎಲ್ಲಿ ಹರಿದಿದೆಯೆಂದು ತಡಕಿತು. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ನಮ್ಮದು. ಓದು ಬಿಟ್ಟ ದಿನದಿಂದ ನಾನು ಅಲ್ಲೇ ಬೆವರು ಸುರಿಸಿದ್ದೇನೆ. ಅಣ್ಣ ಬೆಳಿಗ್ಗೆ ಬಾಗಿಲು ಎತ್ತುತ್ತಿದ್ದ, ಸಂಜೆ ಇಳಿಸುತ್ತಿದ್ದ. ಸುತ್ತಿಗೆ ಮುಟ್ಟಿದವನಲ್ಲ. ಅಪ್ಪ ಅವನಿಗೆ ‘ಮ್ಯಾನೇಜರು’ ಎಂದು ಹೆಸರಿಟ್ಟಿದ್ದ. ಆ ಹೆಸರು ಹಿಡಿದು ಅಪ್ಪನೂ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ನಕ್ಕವಳು ನಾನೊಬ್ಬಳೇ ಇರಬೇಕು.

ಬೇರೊಬ್ಬ ಲಾಯರಮ್ಮನ ಹತ್ತಿರ ಹೋದೆ. ಉಯಿಲು ಬರೆದ ಮಾತ್ರಕ್ಕೆ ಹೆತ್ತ ಮಕ್ಕಳನ್ನು ಬರಿಗೈಯಲ್ಲಿ ಕಳಿಸಲು ನಾವು ಬಂದು ನೆಲೆಸಿರುವ ಈ ನಾಡಿನ ಕಾನೂನು ಬಿಡುವುದಿಲ್ಲವಂತೆ. ಉಯಿಲೇ ಇಲ್ಲದಿದ್ದರೆ ಸಿಗುತ್ತಿದ್ದ ಪಾಲಿನಲ್ಲಿ ಅರ್ಧವನ್ನಾದರೂ ಕೇಳಬಹುದಂತೆ. ತಾವಾಗಿಯೇ ಬೇಡವೆಂದವರು ಮಾತ್ರ ಕೇಳುವಂತಿಲ್ಲ.

ನನ್ನನ್ನು ಯಾರೂ ಕೇಳಿಯೇ ಇಲ್ಲವೆಂದೆ. ಸಾಕ್ಷಿಗೆ ನಿಮ್ಮತ್ತೆಯ ಸಹಿ ಇದೆಯಲ್ಲ, ಅವರು ಏನು ಹೇಳುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ ಎಂದರು.

ಅಮ್ಮ ಹೋದಮೇಲೆ ನನಗೆ ಜಡೆ ಹೆಣೆದವಳು ಈ ಅತ್ತೆ. ಈಗ ಅಣ್ಣನ ಮನೆಯಲ್ಲಿದ್ದಾಳೆ. ಅವನಿಲ್ಲದ ಹೊತ್ತು ನೋಡಿ ಹೋದೆ. ಅಡುಗೆಮನೆಯಲ್ಲಿ ಬೀನ್ಸಿನ ನಾರು ಬಿಡಿಸುತ್ತಿದ್ದಳು. ಏನು ಕೇಳಲು ಬಂದಿದ್ದೇನೆಂದು ಅವಳಿಗೆ ಗೊತ್ತಿತ್ತು.

“ನಿಮ್ಮಪ್ಪ ಕೇಳಿದ್ದ ಕಣೇ. ಆ ಡಾಕ್ಟರ್ ಮನೆಯ ದೊಡ್ಡ ಸೋಫಾ ಮಾಡ್ತಿದ್ಯಲ್ಲ, ಆವತ್ತು.”

ನೆನಪಾಯಿತು. ನಮ್ಮ ಕೆಲಸದಲ್ಲಿ ಒಂದು ಕೈ ಬಟ್ಟೆ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಸಣ್ಣ ಮೊಳೆಗಳಿಗೆ ಜಾಗ ಬಾಯಿಯೇ. ನಾಲಿಗೆ ಒಂದೊಂದನ್ನೇ ತುಟಿಗೆ ತಳ್ಳುತ್ತದೆ, ಅಯಸ್ಕಾಂತದ ಸುತ್ತಿಗೆ ಎತ್ತಿಕೊಳ್ಳುತ್ತದೆ. ಆಗ ಯಾರು ಏನೇ ಕೇಳಿದರೂ ಬಾಯಿ ಬಿಡುವಂತಿಲ್ಲ. ಸುಮ್ಮನೆ ತಲೆ ಅಲ್ಲಾಡಿಸಬೇಕು, ಈಗ ಬೇಡ ಇರು ಎಂದು. ಅದನ್ನು ಕಲಿಸಿದವನೇ ಅಪ್ಪ. ಆ ದಿನ ಬೆನ್ನ ಹಿಂದೆ ನಿಂತು, ಅಂಗಡಿಯಲ್ಲಿ ನಿನಗೇನೂ ಪಾಲು ಬೇಡ ತಾನೆ ಎಂದು ಕೇಳಿದ್ದು ನಿಜ. ತಲೆ ಅಲ್ಲಾಡಿಸಿದ್ದೂ ನಿಜ. ಮೊಳೆ ಮುಗಿಸಿ ತಿರುಗಿದರೆ ಅಪ್ಪನೂ ಅತ್ತೆಯೂ ಇರಲಿಲ್ಲ. ಆಮೇಲೆ ಅಪ್ಪ ಆ ಮಾತೆತ್ತಲಿಲ್ಲ. ನಾನು ಅದನ್ನೊಂದು ಪ್ರಶ್ನೆಯೆಂದೂ ಎಣಿಸಿರಲಿಲ್ಲ.

ಅಪ್ಪನಿಗೆ ವಯಸ್ಸಾಗಿತ್ತಲ್ಲ, ನನ್ನ ಬಾಯಲ್ಲಿ ಮೊಳೆ ಇದ್ದದ್ದು ಕಂಡಿರಲಿಕ್ಕಿಲ್ಲ ಎಂದೆ. ಅತ್ತೆ ಹೂಂ ಎಂದಿದ್ದರೆ ಅಷ್ಟಕ್ಕೇ ಬಿಟ್ಟು ಎದ್ದು ಬರುತ್ತಿದ್ದೆನೇನೋ.

ಅವಳ ಕೈ ನಿಂತಿತು.

“ಮೊಳೆ ತೆಗೀಲಿ, ಆಮೇಲೆ ಕೇಳು ಅಂತ ನಾನೇ ಅವನ ಕಿವೀಲಿ ಅಂದೆ. ‘ತೆಗೆದ್ರೆ ಮಾತಾಡ್ತಾಳೆ’ ಅಂದ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ.

“ಇಷ್ಟನ್ನ ಕೋರ್ಟಿಗೆ ಬಂದು ಹೇಳ್ತೀಯಾ, ಅತ್ತೆ?”

“ನಾನು ಉಣ್ಣೋದು ನಿಮ್ಮಣ್ಣನ ಮನೇಲಿ. ನೀನು ಗಟ್ಟಿಗಿತ್ತಿ, ಹೇಗೋ ಬದುಕ್ಕೋತೀಯ.”

ಗಟ್ಟಿಗಿತ್ತಿ. ಚಿಕ್ಕವಳಿದ್ದಾಗಿನಿಂದ ಹೊಗಳಿಕೆ ಎಂದುಕೊಂಡಿದ್ದ ಮಾತು ಅದು. ಕೊಡುವುದನ್ನು ಕೊಡದಿರಲು ನಮ್ಮ ಮನೆಯಲ್ಲಿ ಆ ಒಂದು ಮಾತು ಸಾಕಾಗಿತ್ತು.

ಒಲೆ ಆರಿಸಿ ನೇರವಾಗಿ ಲಾಯರಮ್ಮನ ಕಚೇರಿಗೆ ನಡೆದೆ. ಅರ್ಜಿ ಹಾಕಿ ಎಂದೆ. ಸಾಕ್ಷಿ ಯಾರೆಂದು ಕೇಳಿದರು.

“ನಮ್ಮತ್ತೆ. ಕರೆಸಿ.”

“ಬಂದು ನಿಮ್ಮ ವಿರುದ್ಧವೇ ಹೇಳಿದ್ರೆ?”

“ಹೇಳ್ಲಿ. ನಾನು ಎದುರಿಗೇ ಕೂತಿರ್ತೀನಿ.”