ಉಪ್ಪು ಹೆಚ್ಚಾಗಿದೆ

ವಾಡಿ ಸ್ಟೇಷನ್ನಿನ ಕಡೆಯಿಂದ ಮತ್ತೆ ಶಿಳ್ಳೆ, ಸೊಲ್ಲಾಪುರದ ಗೂಡ್ಸ್ ಇರಬೇಕು, ನಿಜಾಮ ಶರಣಾದಾಗಿನಿಂದ ಬರುತ್ತಲೇ ಇವೆ, ಉಪ್ಪಿನ ಚೀಲ, ಸೀಮೆಎಣ್ಣೆ, ಔಷಧದ ಪೆಟ್ಟಿಗೆ, ಈಗ ಬಂದು ಏನು ಮಾಡುತ್ತವೆ ಸುಡುಗಾಡು — ಸೆರಗಿನ ತುದಿಗೆ ಸೇರು ಉಪ್ಪು ಕಟ್ಟಿಕೊಂಡು ಸುಮಿತ್ರಾಬಾಯಿ ನೆರೆಮನೆಯ ಜಾನಬಿಯ ಬಾಗಿಲಲ್ಲಿ ನಿಂತಿದ್ದಾಳೆ, ಕೂಗಲು ನಾಲಗೆ ಏಳದು, ಈ ನಾಲಗೆಯೇ ಅಲ್ಲವೇ ಎಲ್ಲ ಮಾಡಿದ್ದು. ಇಂಡಿಯನ್ ಯೂನಿಯನ್ನಿನವರು ಗಡಿಯ ನಾಕಾ ಬಿಗಿದು ನಿಜಾಮನ ಸೀಮೆಗೆ ಬರುವ ಮಾಲು ತಡೆದಾಗ ಮನೆಯಲ್ಲಿ ಸಂತೋಷವೋ ಸಂತೋಷ, ರಜಾಕಾರರ ಕಾಟಕ್ಕೆ ಬೇಸತ್ತ ಜೀವ, ಇನ್ನೂ ಬಿಗೀಲಿ ಅಂತ ತಾನೂ ಅಂದಿದ್ದಳು. ನಿಜಾಮನ ನಡಾ ಮುರೀಬೇಕಂದ್ರ ನಾವೂ ಒಂದಿಷ್ಟು ತಡ್ಕೋಬೇಕಾಗ್ತದ, ಅಂದಿದ್ದರು ಗಂಡ ಜಯತೀರ್ಥ ಮಾಸ್ತರರು, ಸಪ್ಪೆ ಸಾರು ಕಲಸುತ್ತ. ನಾವು ಅಂದರೆ ಯಾರು? ನಿಜಾಮನ ಅಡಿಗೆಮನೆಯಲ್ಲಿ ಒಂದು ದಿನವಾದರೂ ಸಾರು ಸಪ್ಪೆಯಾಗಿತ್ತೇ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಜಾನಬಿಯ ಈ ಕೂಸು ಬಡವಾಗಿಯೂ ಉಳಿಯಲಿಲ್ಲ, ಹೋಗಿಯೇ ಬಿಟ್ಟಿತು, ಎರಡು ವರ್ಷ ತುಂಬಿರಲಿಲ್ಲ.

ಅವತ್ತು ಮಧ್ಯಾಹ್ನ ಜಾನಬಿ ಬಂದಳು, ಕೈಯಲ್ಲಿ ತಾಮ್ರದ ಬಟ್ಟಲು — ಸಿಕಂದರಾಬಾದಿನವಳು, ರೈಲ್ವೆ ಪಾಯಿಂಟ್ಸ್‌ಮನ್ ಮಶಾಕನ ಕೈ ಹಿಡಿದು ಬಂದವಳು, ಕನ್ನಡ ಇಲ್ಲಿ ಬಂದ ಮೇಲೆ ಕಲಿತದ್ದು — ಬಾಯೀ, ಬಚ್ಚಿಗೆ ವಾಂತಿಭೇದಿ ಆಗ್ಲಿಕತ್ತದರಿ, ಹಕೀಮರು ಗಂಜ್ಯಾಗ ಉಪ್ಪು ಹಾಕ್ರಿ ಅಂದಾರ, ಚಿಟಿಕಿ ಕೊಡ್ರಿ. ಭರಣಿ ಬರಿದಾಗಿ ಮೂರು ದಿನ. ಉಪ್ಪು, ಅಕ್ಕಿ, ಕುಂಕುಮ ತೀರಿದರೆ ಇಲ್ಲ ಅನ್ನಬಾರದು, ಮನೆಗೆ ಕೇಡು, ಹೆಚ್ಚಾಗಿದೆ ಅನ್ನಬೇಕು, ಅತ್ತೆ ಕಿವಿ ಹಿಂಡಿ ಕಲಿಸಿದ ಮಾತು, ತಾನಾಗಿ ಬಾಯಿಗೆ ಬಂತು, ನಮ್ಮ ಮನ್ಯಾಗ ಉಪ್ಪು ಹೆಚ್ಚಾಗ್ಯಾದವ್ವ. ಜಾನಬಿಯ ಮುಖ ಅರಳಿತು, ಬಟ್ಟಲು ಮುಂದೆ ಚಾಚಿದಳು, ಚಾಚಿಯೇ ನಿಂತಳು, ಯಾಕೆ ನಿಂತಳೋ ತಿಳಿಯದೆ ಇವಳು ಒಲೆ ಊದಲು ಒಳಹೋದಳು, ಹೊರಬಂದಾಗ ಯಾರೂ ಇಲ್ಲ. ಮರುದಿನ ಕೂಸಿನ ಮಣ್ಣು. ಅರ್ಥವಾದದ್ದು ಅದಕ್ಕೂ ಆಮೇಲೆ, ರೊಟ್ಟಿ ತಟ್ಟುವಾಗ, ಹಿಟ್ಟಿನ ಮೇಲೆಲ್ಲ ಆ ಬಟ್ಟಲು — ಅಯ್ಯೋ, ಇದೆ ಅಂತಲೇ ತಿಳಿದಳಲ್ಲ, ಇಟ್ಟುಕೊಂಡು ಕೊಡಲಿಲ್ಲ ಅಂತ ತಿಳಿದೇ ಹೋದಳಲ್ಲ.

ಈಗ ಕೂಗುವ ಮೊದಲೇ ಕದ ತೆರೆಯಿತು, ಜಾನಬಿಯೇ, ಇಷ್ಟು ಸಣ್ಣಗಾಗಿದ್ದಾಳೆ. ಅವತ್ತು ಖರೇನ ಇದ್ದಿದ್ದಿಲ್ಲವ್ವ, ಹೆಚ್ಚಾಗ್ಯಾದ ಅಂದ್ರ ನಮ್ಮಾಗ ತೀರ್ಯಾದ ಅಂತ, ನಿನ್ನ ಕಾಲು ಮುಟ್ತೀನಿ, ತಗೋ ಇದು — ಎಲ್ಲ ಒಂದೇ ಉಸಿರಿಗೆ. ಜಾನಬಿ ಸೆರಗಿನ ಗಂಟು ನೋಡಿದಳು, ಮುಖ ನೋಡಿದಳು. ಬ್ಯಾಡ್ರಿ ಬಾಯೀ, ಅಂದಳು, ಸಿಟ್ಟಿಲ್ಲದೆ, ನೀವಽ ಇಟ್ಕೋರ್ರಿ, ನಮ್ಮ ಮನ್ಯಾಗೂ ಈಗ ಉಪ್ಪು ಹೆಚ್ಚಾಗ್ಯಾದ. ಯಾವ ಅರ್ಥದಲ್ಲಿ ಅಂದಳು, ಇದೆ ಅಂತಲೋ, ತೀರಿತು ಅಂತಲೋ, ಕೇಳಬೇಕು ಅನ್ನುವಷ್ಟರಲ್ಲಿ ಕದ ಮುಚ್ಚಿತ್ತು, ಮುಚ್ಚಿದ ಕದದ ಮೇಲೂ ಅದೇ ಬಟ್ಟಲು, ಚಾಚಿದ ಬಟ್ಟಲು, ಬಟ್ಟಲು —