ಮೈನಸ್ ಹೂಳು

ನಲವತ್ತು ವರ್ಷ ನೀರು ನಿಂತ ಜಲಾಶಯದಲ್ಲಿ ಹೂಳು ತುಂಬುತ್ತದೆಯೇ ಹೊರತು ತಳ ತಾನಾಗಿ ಆಳಕ್ಕಿಳಿಯುವುದಿಲ್ಲ. ಇದು ಚಿಕ್ಕ ಮಕ್ಕಳಿಗೂ ಗೊತ್ತು, ನೀರಾವರಿ ಕಚೇರಿಯಲ್ಲಿ ಪುಟ್ಟಿಯ ಕಂಪ್ಯೂಟರಿಗೆ ಮಾತ್ರ ಗೊತ್ತಿರಲಿಲ್ಲ. ಬೆಳಗ್ಗಿನಿಂದ ಮೂರನೇ ಸಲ ಅದು ಮೈನಸ್ ಹೂಳು ತೋರಿಸುತ್ತಿತ್ತು.

ಲೆಕ್ಕವೇನೋ ಸರಳ. ನೀರು ಎಷ್ಟು ಅಗಲ ಹರಡಿದೆ ಎಂದು ಉಪಗ್ರಹದ ಚಿತ್ರದಲ್ಲಿ ಅಳೆಯಬೇಕು, ಆ ದಿನದ ನೀರಿನ ಮಟ್ಟವನ್ನು ಅಣೆಕಟ್ಟಿನ ರಿಜಿಸ್ಟರಿನಲ್ಲಿ ನೋಡಬೇಕು. ಅದೇ ಮಟ್ಟದಲ್ಲಿ ಕಟ್ಟಿದ ಕಾಲಕ್ಕಿಂತ ಹರವು ಎಷ್ಟು ಕುಗ್ಗಿದೆಯೋ ಅಷ್ಟು ಜಾಗ ಹೂಳಿನ ಪಾಲು. ಇಲ್ಲಿ ಹರವು ಕುಗ್ಗುವ ಬದಲು ಹಿಗ್ಗಿತ್ತು.

ಮೇಲಧಿಕಾರಿಗೆ ಖುಷಿಯೋ ಖುಷಿ. "ಹೂಳೇ ಇಲ್ಲ ಅಂತ ಬರೆದುಬಿಡು ಮಾರಾಯ್ತಿ. ಎರಡು ಗಂಟೆಗೆ ಮೀಟಿಂಗು. ಮಳೆಗಾಲದಲ್ಲಿ ಗೇಟು ತಡವಾಗಿ ತೆಗೆದ್ರೂ ನಡೆಯತ್ತೆ ಅಂದ್ರೆ ಎಲ್ಲರೂ ಕುಣೀತಾರೆ."

ಇಲ್ಲದ ಜಾಗ ನಂಬಿ ಗೇಟು ತಡಮಾಡಿದರೆ ಕೆಳಗಿನ ಊರಿಗೆ ನೀರು ನುಗ್ಗುತ್ತದೆ. ಪುಟ್ಟಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದಳು, ಬಾಯಾರಿಕೆ ಇಲ್ಲದೆಯೇ ನೀರು ಕುಡಿದಳು, ಮತ್ತೆ ಬಂದು ಕೂತಳು. ಮೋಡದ ನೆರಳನ್ನು ನೀರೆಂದು ಎಣಿಸಿಬಿಟ್ಟೆನೇ ಎಂದು ಚಿತ್ರಗಳನ್ನೆಲ್ಲ ಜಾಲಾಡಿದಳು. ಅವಳ ಕಡೆ ತಪ್ಪಿರಲಿಲ್ಲ.

ಕೊನೆಗೆ ಅಣೆಕಟ್ಟಿನಿಂದ ಬಂದಿದ್ದ ರಿಜಿಸ್ಟರ್ ಪುಟಗಳ ಫೋಟೋಗಳನ್ನು ತೆರೆದಳು. ಎರಡು ವರ್ಷದಿಂದ ಬೇಸಿಗೆಯುದ್ದಕ್ಕೂ ನೀರು ದಿನಕ್ಕೆ ಸರಿಯಾಗಿ ಮೂರು ಸೆಂಟಿಮೀಟರ್ ಇಳಿದಿತ್ತು. ಮಳೆ ಬಿದ್ದ ದಿನವೂ ಮೂರು, ಗೇಟು ಮುಚ್ಚಿದ ದಿನವೂ ಮೂರು! ನೀರಿಗೆಲ್ಲಿಯ ಅಷ್ಟು ಶಿಸ್ತು? ಆ ದುಂಡು ಅಂಕಿಗಳನ್ನು ಬರೆದ ಕೈ ಅವಳಿಗೆ ಒಂದು ಎರಡು ತಿದ್ದಿಸಿದ ಕೈ. ಅವಳನ್ನು ಸಾಕಿದ ಸೋದರಮಾವನದು.

ಮಾವನನ್ನು ಎಲ್ಲರೂ 'ಎಂಟು ಗಂಟೆ' ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ನೂರ ನಲವತ್ತು ಮೆಟ್ಟಿಲಿಳಿದು ನೀರಿನ ಮಟ್ಟದ ಅಳತೆಪಟ್ಟಿ ಓದುವುದು ಅವನ ಕೆಲಸ. ನಿವೃತ್ತಿಗೆ ಇನ್ನು ಮೂರೇ ತಿಂಗಳು. ಮೇಲಧಿಕಾರಿಗೆ ಒಂದು ಮಾತೂ ಹೇಳದೆ ಪುಟ್ಟಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಉಗುರು ಕಚ್ಚಿದಳು.

ಮಾವ ಅಣೆಕಟ್ಟಿನ ಮೇಲಿನ ಕೋಣೆಯಲ್ಲಿ ಮಂಡಿ ನೀವುತ್ತ ಕೂತಿದ್ದ. ಅವಳ ಮುಖ ನೋಡಿದ್ದೇ ಅವನಿಗೆಲ್ಲ ತಿಳಿಯಿತು.

"ಮಂಡಿ ಹಿಡ್ಕೊಂಡ ದಿನ ಒಂದೇ ಒಂದು ಸಲ ಅಂದಾಜು ಬರೆದೆ ಪುಟ್ಟಿ. ಮಾರನೇ ದಿನ ಅದಕ್ಕೆ ಹೊಂದಿಸಿ ಬರೆದೆ. ಮಳೆಗಾಲದಲ್ಲಿ ತುಂಬಿದಾಗ ಹೇಗೋ ಸರಿಹೋಗೋದು. ನಡುವೆ ನಿಜ ಬರೆದ್ರೆ ನೀರು ಒಂದೇ ರಾತ್ರಿಗೆ ಜಿಗಿದಂಗೆ ಕಾಣ್ತಿತ್ತಲ್ಲ!"

"ಯಾರಿಗಾದ್ರೂ ಹೇಳಬಾರದಿತ್ತಾ ಮಾವ?"

"ಎಂಟು ಗಂಟೆ ಅಂತ ಕರೀತಿದ್ರಲ್ಲ," ಎಂದ ಅವನು ತಲೆ ತಗ್ಗಿಸಿ.

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ದಡದಡ ಮೆಟ್ಟಿಲಿಳಿದಳು. ಕೆಳಗೆ ನಿಂತು, ಚಿಕ್ಕಂದಿನಲ್ಲಿ ಅವನೇ ಕಲಿಸಿದ ಹಾಗೆ, ಅಳತೆಯನ್ನು ಎರಡು ಸಲ ಓದಿ ಎರಡು ಸಲ ಕೂಗಿದಳು: "ಅರವತ್ತೆರಡು ನಲವತ್ತು! ಅರವತ್ತೆರಡು ನಲವತ್ತು!"

ಏದುಸಿರು ಬಿಡುತ್ತ ಹತ್ತಿ ಬಂದಾಗ ಮಾವ ರಿಜಿಸ್ಟರ್ ಮುಂದೆ ಪೆನ್ನು ಹಿಡಿದೇ ಇದ್ದ. ನಿನ್ನೆಯ ಸಾಲಿನಲ್ಲಿ ಅರವತ್ತೊಂದು ಮೀಟರ್ ಐವತ್ತೆಂಟು ಸೆಂಟಿಮೀಟರ್ ಎಂದಿತ್ತು, ಇವತ್ತಿನ ಸಾಲು ಇನ್ನೂ ಖಾಲಿ. ನಿಜವಾದ ನೀರು ಬರೆದದ್ದಕ್ಕಿಂತ ಮೇಲಿತ್ತು, ಹರವು ಹಿಗ್ಗಿದಂತೆ ಕಂಡದ್ದು ಅದಕ್ಕೇ. ಖಾಲಿ ಸಾಲಿನಲ್ಲಿ ಅವನು ಅರವತ್ತೆರಡು ನಲವತ್ತು ಎಂದು ದುಂಡಗೆ ಬರೆದ. ಪಕ್ಕದಲ್ಲಿ, 'ಎರಡು ವರ್ಷದ್ದೂ ಅಂದಾಜು, ಮಟ್ಟ ಓದಿಲ್ಲ' ಎಂದು ಬರೆದು ಸಹಿ ಹಾಕಿ, ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡ.

"ಮೀಟಿಂಗು ಎಷ್ಟೊತ್ತಿಗೆ?"

"ಎರಡಕ್ಕೆ. ನೀನ್ಯಾಕೆ ಬರ್ತೀಯ ಮಾವ? ನಾನೇ ಹೇಳ್ತೀನಿ."

"ನೀನು ಹೇಳಿದ್ರೆ ಅದು ಚಾಡಿ ಆಗತ್ತೆ. ನಿಮ್ಮ ಆಫೀಸಿಗೆ ಮೆಟ್ಟಿಲೆಷ್ಟು?"

"ಮೂವತ್ತೆರಡು."

"ಹಾಗಾದ್ರೆ ಈಗಲೇ ಹೊರಡಬೇಕು," ಎಂದು ಮಾವ ಅವಳ ಭುಜ ಹಿಡಿದು ಎದ್ದ.