ಯಾರ ಕಾರ್ಡಿಗೂ ಆಗುವ ಡಬ್ಬಿ

ಗ್ಲೆಂಡಾ ಸಟ್‌ಕ್ಲಿಫ್ ಆ ಡಬ್ಬಿಯನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಕಟ್ಟೆಗೆ ಎರಡು ಸಲ ಕುಟ್ಟಿದಳು. ಅದು ಸರಿಹೋಗುತ್ತದೆಂಬ ಆಸೆಯೇನೂ ಅವಳಿಗಿರಲಿಲ್ಲ. ವಾರದಿಂದ ಕುಟ್ಟಬೇಕೆನಿಸುತ್ತಿತ್ತು, ಇವತ್ತು ಕುಟ್ಟಿದಳು.

ನೋಡಲಿಕ್ಕೆ ಅದು ಅಂಗಡಿಯವರ ಹಳೆಯ ಕ್ಯಾಲ್ಕುಲೇಟರಿನ ಹಾಗೆ. ಕೆಳಗೊಂದು ಸೀಳು ಬಾಯಿ. ಆ ಬಾಯಿಗೆ ಬ್ಯಾಂಕಿನ ಕಾರ್ಡು ತುರುಕಿ, ಗುಟ್ಟಿನ ಸಂಖ್ಯೆ ಒತ್ತಿದರೆ ಗಾಜಿನ ಮೇಲೆ ಒಂದು ಉದ್ದನೆಯ ಅಂಕಿ ಮೂಡುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಬರೆದರೆ ಮಾತ್ರ ಗ್ಲೆಂಡಾ ನಿಜವಾಗಿ ಗ್ಲೆಂಡಾ ಎಂದು ಬ್ಯಾಂಕು ಒಪ್ಪುತ್ತದೆ. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯಲು ಸೇರಿದ ಮೊದಲ ತಿಂಗಳಿಂದ ಅವಳ ಸಂಬಳ ಅದೇ ಬ್ಯಾಂಕಿಗೆ ಬೀಳುತ್ತಿತ್ತು. ಕೌಂಟರಿನವರು ಅವಳ ಮುಖ ನೋಡಿಯೇ "ಏನ್ ಚಿನ್ನಾ, ಮಂಡಿ ನೋವು ಹೇಗಿದೆ?" ಅಂತ ಕೇಳುತ್ತಿದ್ದ ಕಾಲವಿತ್ತು. ಆಮೇಲೆ ಬ್ಯಾಂಕು ಆ ಕೌಂಟರನ್ನೂ ಮುಖಗಳನ್ನೂ ಕಿತ್ತುಹಾಕಿ, ಕಟ್ಟಡವನ್ನು ಜಿನ್ ಮದ್ಯ ಮಾರುವವರಿಗೆ ಕೊಟ್ಟು, ಊರವರ ಕೈಗೆ ಒಂದೊಂದು ಡಬ್ಬಿ ಹಿಡಿಸಿತು. ಇದರಿಂದ ನಿಮ್ಮ ಬದುಕು ಸುಲಭವಾಗುತ್ತದೆ ಎಂದು ಬಣ್ಣದ ಕಾಗದವನ್ನೂ ಕಳಿಸಿತು. ಅದರಲ್ಲಿ ಬೆಳ್ಳಿ ಕೂದಲಿನ ಹೆಂಗಸೊಬ್ಬಳು ಡಬ್ಬಿಯನ್ನು ನೋಡಿ ನಗುತ್ತಿದ್ದಳು. ಆ ನಗುವಿಗೆ ಅವಳಿಗೆಷ್ಟು ಕೊಟ್ಟರೋ.

ಈಗ ಡಬ್ಬಿ ಸತ್ತಿತ್ತು. ಸೆಲ್ ಬದಲಿಸೋಣವೆಂದರೆ ಅದರ ಬೆನ್ನಿಗೆ ಮುಚ್ಚಳವೇ ಇರಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದಳು. ಬಹಳ ಹೊತ್ತು ಪಿಯಾನೋ ಕೇಳಿಸಿದ ಮೇಲೆ ಕೈಲ್ ಎಂಬವನೊಬ್ಬ ಸಿಕ್ಕಿದ.

"ಹೊಸ ಕಾರ್ಡ್ ರೀಡರ್ ಕಳಿಸೋಣ, ಅದಕ್ಕೇನಂತೆ! ಮೊದ್ಲು ನೀವು ನೀವೇ ಅಂತ ಖಾತ್ರಿ ಮಾಡ್ಕೊಳ್ಬೇಕು. ರೀಡರ್ ಕೈಗೆ ತಗೊಳ್ಳಿ, ಕಾರ್ಡ್ ಹಾಕಿ."

"ಅದು ಸತ್ತೋಗಿದೆ ಅಂತಾನೇ ಫೋನ್ ಮಾಡಿರೋದು."

"ಖಂಡಿತ ಅರ್ಥ ಆಗುತ್ತೆ. ಈಗ ಅದ್ರಲ್ಲಿ ಯಾವ ನಂಬರ್ ಕಾಣಿಸ್ತಿದೆ?"

ಗ್ಲೆಂಡಾ ಫೋನನ್ನು ಕಿವಿಯಿಂದ ತೆಗೆದು ಅದನ್ನೊಮ್ಮೆ ನೋಡಿದಳು. ಕೊನೆಗೆ ಹುಟ್ಟಿದ ಊರು, ತಾಯಿಯ ತವರಿನ ಹೆಸರು ಎಲ್ಲ ಕೇಳಿ, ಹೊಸದು ಅಂಚೆಯಲ್ಲಿ ಬರುತ್ತದೆ, ಹತ್ತು ದಿನ ಹಿಡಿಯಬಹುದು ಅಂದ ಕೈಲ್. ಇನ್ನೇನಾದರೂ ಸಹಾಯ ಬೇಕೇ ಎಂದೂ ಕೇಳಿದ. ಮೊದಲು ಮಾಡಿದ ಸಹಾಯ ಯಾವುದು ಎಂದು ಅವಳು ಕೇಳಿದ್ದು ಅವನಿಗೆ ತಿಳಿಯಲಿಲ್ಲ.

ಹತ್ತು ದಿನ ಅವಳ ಹತ್ತಿರ ಇರಲಿಲ್ಲ. ಗುಡ್ಡದ ಮಗ್ಗುಲಿಗೆ ಪುರಸಭೆಯವರು ಊರವರಿಗೆ ತುಂಡು ತುಂಡಾಗಿ ಬಾಡಿಗೆಗೆ ಕೊಡುವ ತೋಟದಲ್ಲಿ ಅವಳದೊಂದು ತುಂಡಿತ್ತು. ವರ್ಷದ ಬಾಡಿಗೆಗೆ ಅವಳು ಯಾವಾಗಲೂ ಚೆಕ್ ಬರೆದು ಪುರಸಭೆಯ ಕೌಂಟರಿನಲ್ಲಿ ಕೊಡುತ್ತಿದ್ದಳು. ಈ ವರ್ಷ ಪುರಸಭೆಗೂ ಬ್ಯಾಂಕಿನ ಚಾಳಿ ಹತ್ತಿತು. ಚೆಕ್ ಇಲ್ಲ, ನಗದು ಇಲ್ಲ, ಬಾಡಿಗೆದಾರರ ಸ್ವಂತ ಖಾತೆಯಿಂದ ಆನ್‌ಲೈನಿನಲ್ಲೇ ಬರಬೇಕು. ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಬಾರದಿದ್ದರೆ ತುಂಡು ಕಾಯುವವರ ಪಟ್ಟಿಯಲ್ಲಿ ಮುಂದಿನವರಿಗೆ. ಖಾತೆಯಿಂದ ಇದುವರೆಗೆ ದುಡ್ಡು ಹೋಗದ ಹೊಸಬರಿಗೆ ಕಳಿಸಬೇಕೆಂದರೆ ಆ ಡಬ್ಬಿಯಿಲ್ಲದೆ ಆಗದು.

ತುಂಡಿನ ಮೂಲೆಯಲ್ಲಿ ಅವಳ ಆಸ್ಪರಾಗಸ್ ಸಾಲಿತ್ತು. ಮಣ್ಣಿಂದೇಳುವ ಎಳೆ ಕಾಂಡವನ್ನೇ ತಿನ್ನುವ, ಬಲು ಗತ್ತಿನ ಗಿಡ ಅದು. ನೆಟ್ಟ ವರ್ಷ ಮುಟ್ಟಬಾರದು, ಮರುವರ್ಷವೂ ಮುಟ್ಟಬಾರದು, ಬೇರು ಬಲಿಯಲು ಬಿಡಬೇಕು. ಈ ವಸಂತಕ್ಕೆ ಮೊದಲ ಕೊಯ್ಲು. ಹೋದ ಭಾನುವಾರ ಮಣ್ಣು ಸೀಳಿಕೊಂಡು ನೇರಳೆ ತುದಿಗಳು ಹೊರಗೆ ಬಂದಿದ್ದವು. ಅವಳು ಮಂಡಿಯೂರಿ ಕೂತು, ಕತ್ತರಿಸದೆ, ಸುಮ್ಮನೆ ನೋಡಿ ಎದ್ದು ಬಂದಿದ್ದಳು.

ಬೇಲಿಯ ಆಚೆಯಿಂದ ಅವನ್ನು ನೋಡಿದವನು ಇನ್ನೊಬ್ಬನಿದ್ದ. ಕಾಯುವವರ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದ ನೆವಿಲ್ ಹರ್ಸ್ಟ್. ಪ್ರತಿ ಭಾನುವಾರ ಬೇಲಿಗೆ ಮೊಣಕೈ ಊರಿ, "ಮಂಡಿ ನೋವು ಹೇಗಿದೆ, ಗ್ಲೆಂಡಾ? ನಮ್ಮ ವಯಸ್ಸಿಗೆ ಅಗೆಯೋದು ಕಷ್ಟಾನೇ," ಅನ್ನುತ್ತಿದ್ದ. ಬ್ಯಾಂಕಿನ ಕೌಂಟರಿನವರೂ ಕೇಳುತ್ತಿದ್ದದ್ದು ಮಂಡಿಯನ್ನೇ. ಆದರೆ ಇವನು ಕೇಳುವಾಗ ಅವಳಿಗೆ ತೋಟದ ಅಳತೆ ತೆಗೆಯುವ ಟೇಪು ಕಾಣುತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಶಾಲೆಗೆ ರಜೆ ಹೇಳಿ, ಬ್ಯಾಂಕಿನ ಗಾಡಿ ಬರುವ ಕಡೆ ಹೋದಳು. ಬ್ಯಾಂಕು ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಅದೊಂದೇ: ಸೂಪರ್‌ಮಾರ್ಕೆಟ್ಟಿನ ಹಿಂದೆ, ಸಾಮಾನು ತಳ್ಳುವ ಟ್ರಾಲಿಗಳ ಪಕ್ಕ, ವಾರಕ್ಕೊಮ್ಮೆ ಬಂದು ನಿಲ್ಲುವ ವ್ಯಾನು. ಐಸ್‌ಕ್ರೀಮ್ ವ್ಯಾನಾದರೂ ಗಂಟೆ ಬಾರಿಸುತ್ತದೆ. ಇದಕ್ಕೆ ಅದೂ ಇಲ್ಲ. ಜನ ಕೊಡೆ ಹಿಡಿದು ಸಾಲಾಗಿ ನಿಂತಿದ್ದರು. ಅವಳ ಹಿಂದೆ ಡೊರೀನ್, ಅವಳದೇ ಬೀದಿಯ ಹಿರಿಯಾಕೆ, ಚಕ್ರದ ಚೀಲಕ್ಕೆ ಒರಗಿಕೊಂಡು. ಮುಂದೆ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಖಜಾಂಚಿಯಾಗಿ ಚಿಲ್ಲರೆ ಕಟ್ಟಲು ಬಂದ ನೆವಿಲ್.

"ಇವತ್ತೇ ಕೊನೇ ದಿನ ಅಲ್ವಾ, ತೋಟದ ಬಾಡಿಗೆ?" ಅಂದ ನೆವಿಲ್, ತಿರುಗಿ ನೋಡದೆ.

"ಗೊತ್ತಿದೆ."

"ಸುಮ್ನೆ ನೆನಪು ಮಾಡಿದೆ."

ನೆವಿಲ್ ಚಿಲ್ಲರೆ ಕಟ್ಟಿಯೂ ಹೊರಡದೆ ಪಕ್ಕಕ್ಕೆ ನಿಂತ. ಗ್ಲೆಂಡಾಳ ಸರದಿ ಬಂದಾಗ ಕಿಟಕಿಯೊಳಗೆ ಸಾದಿಯಾ ಎಂಬ ಹುಡುಗಿ ಕೂತಿದ್ದಳು. ಮೊಣಕಾಲಿಗೆ ತಾಗುವ ಹಾಗೆ ಚಿಕ್ಕ ಹೀಟರು, ಕೈಗೆ ಬೆರಳಿಲ್ಲದ ಗ್ಲೌಸು.

"ಹೊಸ ಡಬ್ಬಿ ಕೊಡು ಚಿನ್ನಾ. ಇದು ಸತ್ತಿದೆ."

"ಗಾಡೀಲಿ ರೀಡರ್ ಇಡಲ್ಲ ಆಂಟಿ. ಕ್ಷಮಿಸಿ."

"ಹಾಗಾದ್ರೆ ನೀನೇ ಪುರಸಭೆಗೆ ಬಾಡಿಗೆ ಕಳಿಸ್ಬಿಡು."

"ಹೊಸಬರಿಗೆ ಇಲ್ಲಿಂದ ಕಳಿಸೋಕೆ ನಮಗೆ ಬಿಡಲ್ಲ. ಭದ್ರತೆ ಅಂತೆ."

"ಯಾರಿಂದ ಭದ್ರತೆ? ನನ್ನಿಂದಾನಾ?"

ಸಾದಿಯಾ ಆಚೀಚೆ ನೋಡಿ, ಕಿಟಕಿಗೆ ಹತ್ತಿರ ಬಂದು ದನಿ ತಗ್ಗಿಸಿದಳು. ಆದರೆ ಗಾಳಿ ಅವಳ ಮಾತನ್ನು ಸಾಲಿನುದ್ದಕ್ಕೂ ಒಯ್ದಿತು. "ಬೇರೆಯವರದು ಯಾರದ್ದಾದ್ರೂ ತಗೊಂಡು ಮಾಡಿ ಆಂಟಿ. ನಮ್ಮ ಬ್ಯಾಂಕಿನ ಯಾವ ರೀಡರ್ ಆದ್ರೂ ಯಾರ ಕಾರ್ಡಿಗಾದ್ರೂ ಆಗುತ್ತೆ. ಅದ್ರೊಳಗೆ ನಿಮ್ಮದು ಅಂತ ಏನೂ ಇರಲ್ಲ."

ಸಾಲಿನಲ್ಲಿದ್ದ ಕೊಡೆಗಳೆಲ್ಲ ಕಿಟಕಿಯತ್ತ ತಿರುಗಿದವು.

"ಏನಂದೆ?" ಅಂದಳು ಡೊರೀನ್. "ಹೋದ ಚಳಿಗಾಲದಲ್ಲಿ ನಂದು ಕೆಟ್ಟು ಮೂರು ವಾರ ಲೈಟ್ ಬಿಲ್ ಕಟ್ಟಕ್ಕಾಗ್ದೆ ಒದ್ದಾಡಿದೀನಿ! ಪಕ್ಕದ ಮನೆ ಬಾರ್ಬರಾ ಹತ್ರ ಇತ್ತು! ಗೋಡೆ ಆಚೆಗೆ!"

"ರೀಡರ್ ಜೊತೆ ಬಂದ ಕಾಗದದಲ್ಲಿ ಬರೆದಿತ್ತು," ಅಂದಳು ಸಾದಿಯಾ ಸಣ್ಣಗೆ. "ಹಿಂದುಗಡೆ."

ಆ ಊರಿನಲ್ಲಿ ಏಣಿ ಕೇಳುತ್ತಾರೆ, ಕೇಕಿನ ತಟ್ಟೆ ಕೇಳುತ್ತಾರೆ, ಹುಲ್ಲು ಕತ್ತರಿಸುವ ಯಂತ್ರವನ್ನು ಕೇಳಿ ಹಿಂದಿರುಗಿಸುವುದನ್ನೇ ಮರೆಯುತ್ತಾರೆ. ಆದರೆ ದುಡ್ಡಿಗೆ ಸಂಬಂಧಿಸಿದ್ದನ್ನು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಇಟ್ಟುಕೊಳ್ಳುತ್ತಾರೆ. ಪ್ರತಿ ಮನೆಯ ಡ್ರಾಯರಿನಲ್ಲೂ ಒಂದೊಂದು ಡಬ್ಬಿ, ಪ್ರತಿಯೊಬ್ಬರೂ ಪರದೆ ಎಳೆದುಕೊಂಡು ತಮ್ಮದನ್ನು ತಾವೇ ಬೈದುಕೊಂಡು ಕೂತದ್ದು. ಬ್ಯಾಂಕಿಗೆ ಈ ಜನ ಚೆನ್ನಾಗಿ ಗೊತ್ತಿತ್ತು ಎಂದುಕೊಂಡಳು ಗ್ಲೆಂಡಾ.

"ಯಾರ ಹತ್ರ ಇದೆ ಈಗ?" ಡೊರೀನ್ ಸಾಲಿಗೆಲ್ಲ ಕೇಳಿದಳು. ಎಲ್ಲರದೂ ಮನೆಯಲ್ಲಿ, ಮನೆಗಳು ಗುಡ್ಡದ ಮೇಲೆ. "ನೆವಿಲ್, ನೀನು ಅದನ್ನ ಕನ್ನಡಕದ ಡಬ್ಬೀಲಿ ಹಾಕ್ಕೊಂಡು ತಿರುಗ್ತೀಯಲ್ಲ. ಕ್ಲಬ್ಬಲ್ಲಿ ಎಲ್ಲರಿಗೂ ತೋರಿಸಿದ್ದೆ."

ನೆವಿಲ್ ಕೋಟಿನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. "ಅದ್ರಲ್ಲಿ ಸೆಲ್ ಕಮ್ಮಿ ಆಗಿದೆ ಅನ್ಸುತ್ತೆ."

ಗ್ಲೆಂಡಾಳಿಗೆ ಅವನಲ್ಲಿ ಕೇಳುವುದಕ್ಕಿಂತ ಚರಂಡಿಯ ನೀರು ಕುಡಿಯುವುದು ಸುಲಭವಿತ್ತು. ಆದರೆ ಸಾಲು ನೋಡುತ್ತಿತ್ತು. ಸಾಲಿನೆದುರು ಇಲ್ಲವೆನ್ನುವುದು ಅವನಿಗೂ ಸುಲಭವಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಮಕ್ಕಳನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕೇಳಿದಳು.

"ನೆವಿಲ್, ನಿಮ್ಮ ಡಬ್ಬಿ ಸ್ವಲ್ಪ ಕೊಡ್ತೀರಾ?"

ಅವನ ಕಿವಿಗಳು ಕೆಂಪಾದವು. "ಕೊಡಬಹುದು... ಆದ್ರೆ ನನ್ನ ಕಣ್ಣೆದುರೇ ಇರ್ಬೇಕು. ಕ್ಲಬ್ಬಿನ ಜವಾಬ್ದಾರಿ."

"ಬನ್ನಿ ಮತ್ತೆ."

ಅವಳ ಅಡುಗೆಮನೆಯಲ್ಲಿ ನೆವಿಲ್ ಕೋಟು ಬಿಚ್ಚದೆ, ಮೇಜಿನ ತುದಿಯಲ್ಲಿ ಕೂತ. ಕನ್ನಡಕದ ಡಬ್ಬಿಯಿಂದ ರೀಡರ್ ತೆಗೆದು, ಕರವಸ್ತ್ರದಿಂದ ಒರೆಸಿ ಮುಂದಿಟ್ಟ. ಗ್ಲೆಂಡಾ ಕಂಪ್ಯೂಟರ್ ತೆರೆದಳು, ತನ್ನ ಕಾರ್ಡನ್ನು ಅವನ ಡಬ್ಬಿಯ ಬಾಯಿಗೆ ಹಾಕಿದಳು. ಅಂಕಿ ಮೂಡಿತು. ಬ್ಯಾಂಕು ಅವಳನ್ನು ಒಳಗೆ ಬಿಟ್ಟಿತು. ಅಂಕಿ ಯಾರ ಡಬ್ಬಿಯಿಂದ ಬಂತು ಎಂದು ಕೇಳಲೂ ಇಲ್ಲ.

"ಗಾಡಿ ಹತ್ರ ಏನು ಗಾಳಿ ಇವತ್ತು," ಅಂದ ನೆವಿಲ್. "ಗಂಟಲೆಲ್ಲ ಒಣಗೋಯ್ತು."

ಮೇಜಿನ ಮುಂದೆ ಕೂತವರು ಹೀಗಂದ ಮೇಲೆ ಕೆಟಲ್ ಇಡದೆ ಇರುವುದು ಆ ಬೀದಿಯಲ್ಲಿ ಇದುವರೆಗೆ ನಡೆದಿರಲಿಲ್ಲ. ಅವಳ ಕಾಲು ಅವಳನ್ನು ಕೇಳದೆಯೇ ಎದ್ದಿತು. ಟೀ ಆಯಿತು. ಹಾಲು ಫ್ರಿಜ್ಜಿನಲ್ಲಿ ಹಿಂದೆ ಸಿಕ್ಕಿಕೊಂಡಿತ್ತು. ತಿರುಗಿ ಬರುವಷ್ಟರಲ್ಲಿ ಕಂಪ್ಯೂಟರ್ ಹೇಳುತ್ತಿತ್ತು: ನೀವು ಸುಮ್ಮನಿದ್ದ ಕಾರಣ ನಿಮ್ಮ ಸುರಕ್ಷತೆಗಾಗಿ ನಿಮ್ಮನ್ನು ಹೊರಗೆ ಕಳಿಸಿದ್ದೇವೆ.

"ಸುರಕ್ಷತೆಗೆ ಬೆಂಕಿ ಬೀಳ!"

"ಅವಸರ ಮಾಡಿದ್ರೆ ಹೀಗೇ ಆಗೋದು," ಅಂದ ನೆವಿಲ್. "ಸಕ್ಕರೆ ಇದ್ಯಾ?"

ಮತ್ತೆ ಕಾರ್ಡು, ಮತ್ತೆ ಗುಟ್ಟಿನ ಸಂಖ್ಯೆ, ಮತ್ತೆ ಅಂಕಿ. ಒಳಗೆ ಹೋದಳು. ಪುರಸಭೆಯ ಹೆಸರು, ಖಾತೆಯ ಸಂಖ್ಯೆ ಬರೆದಳು. "ಈ ಟೀ ಜೊತೆ ಒಂದು ಬಿಸ್ಕತ್ ಇದ್ದಿದ್ರೆ," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಅವಳು ಎದ್ದಳು. ಬಿಸ್ಕತ್ತಿನ ಡಬ್ಬ ಮೇಲಿನ ಕಪಾಟಿನಲ್ಲಿ. ಸ್ಟೂಲು ಎಳೆದು ಹತ್ತಿ ಇಳಿದಳು. ಬ್ಯಾಂಕು ಅವಳನ್ನು ಮತ್ತೆ ಹೊರಗೆ ಹಾಕಿತ್ತು.

ಬಿಸ್ಕತ್ತನ್ನು ಅವನ ಮುಂದಿಡುವಾಗ ಅವಳು ಅವನ ಮುಖ ನೋಡಿದಳು. ನೆವಿಲ್ ಬಿಸ್ಕತ್ತನ್ನು ನೋಡುತ್ತಿರಲಿಲ್ಲ. ಅವಳ ಹಿಂದಿನ ಗೋಡೆಯ ಗಡಿಯಾರ ನೋಡುತ್ತಿದ್ದ. ಟೀ ಲೋಟದ ಅಂಚಿನವರೆಗೂ ಇತ್ತು. ಒಂದು ಗುಟುಕೂ ಕುಡಿದಿರಲಿಲ್ಲ.

ಅವಳು ಕೂತಳು. ಮೂರನೆಯ ಸಲ ಕಾರ್ಡು ಹಾಕಿದಳು. ಗುಟ್ಟಿನ ಸಂಖ್ಯೆಯನ್ನು ಒಂದೊಂದೇ ಅಂಕಿ ನೋಡಿ ಒತ್ತಿದಳು.

"ಗ್ಲೆಂಡಾ, ಇದು ತಣ್ಣಗಾಯ್ತು. ಬಿಸಿ ನೀರು ಸ್ವಲ್ಪ..."

"ಇಲ್ಲ."

"ಏನು?"

"ಬಿಸಿ ನೀರಿಲ್ಲ. ಟೀ ಇಲ್ಲ. ಸುಮ್ನೆ ಕೂತ್ಕೊ."

ಅವನು ಅವಳನ್ನು ಹೊಡೆತ ತಿಂದವನ ಹಾಗೆ ನೋಡಿದ. ಆಮೇಲೆ ಎದ್ದು ನಿಂತು, "ಹೀಗಾದ್ರೆ ನಾನು ಹೊರಡ್ತೀನಿ. ಕ್ಲಬ್ಬಲ್ಲಿ ಕಾಯ್ತಿರ್ತಾರೆ," ಎಂದು ರೀಡರಿಗೆ ಕೈ ಚಾಚಿದ. ಅವಳ ಕಾರ್ಡು ಇನ್ನೂ ಅದರ ಬಾಯಲ್ಲಿತ್ತು. ಗ್ಲೆಂಡಾ ಅದರ ಮೇಲೆ ಅಂಗೈ ಊರಿದಳು. ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ಅಗಲವಾದ ಕೈ ಅದು.

"ಹೋಗು. ಡೊರೀನ್ ಸಂಜೆ ಬರ್ತಾಳೆ, ಏನಾಯ್ತು ಅಂತ ಕೇಳೋಕೆ. ಸಾಲಿನಲ್ಲಿದ್ದೋರೆಲ್ಲ ಕೇಳ್ತಾರೆ. ಆಸ್ಪರಾಗಸ್ ಸಿಗ್ಲಿ ಅಂತ ನೆವಿಲ್ ಬಿಸ್ಕತ್ ಕೇಳ್ದ ಅಂತ ಹೇಳ್ತೀನಿ. ನಿನ್ನ ಕ್ಲಬ್ಬಲ್ಲೂ ನಾನೇ ಬಂದು ಹೇಳ್ತೀನಿ. ಮಂಡಿ ನೋವಿದ್ರೂ ಬರ್ತೀನಿ."

ನೆವಿಲ್ ಕೂತ.

ಅವಳು ಅವನತ್ತ ಮತ್ತೆ ನೋಡಲಿಲ್ಲ. ಒಳಗೆ ಹೋಗಿ ಪುರಸಭೆಯ ವಿವರ ಮತ್ತೆ ಬರೆದಳು, ಡಬ್ಬಿಯಲ್ಲಿ ಬಾಡಿಗೆಯ ಮೊತ್ತ ಒತ್ತಿದಳು, ಪುರಸಭೆಯ ಖಾತೆಯ ಕೊನೆಯ ಅಂಕಿಗಳನ್ನು ಒತ್ತಿದಳು. ಡಬ್ಬಿ ಸ್ವಲ್ಪ ಹೊತ್ತು ಯೋಚಿಸುವ ನಾಟಕವಾಡಿತು. ಅಂಕಿ ಮೂಡಿತು. ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾ ಕಂಪ್ಯೂಟರಿಗೆ ಹಾಕಿದಳು. ಸುತ್ತುವ ಚಕ್ರ ಸುತ್ತಿತು. ಹಣ ಪುರಸಭೆಗೆ ಹೋಯಿತು ಎಂದು ಹಸಿರು ಅಕ್ಷರ ಬಂತು. ಅದರ ಕೆಳಗೆ, ನಮ್ಮ ಸೇವೆ ನಿಮಗೆ ಹೇಗನಿಸಿತು ಎಂಬ ಪ್ರಶ್ನೆ, ಐದು ಖಾಲಿ ನಕ್ಷತ್ರಗಳು. ಅವಳು ಕಂಪ್ಯೂಟರಿನ ಮುಚ್ಚಳ ಇಳಿಸಿದಳು.

ಗೋಡೆಯ ಗಡಿಯಾರ ಇನ್ನೂ ಹನ್ನೆರಡು ತಲುಪಿರಲಿಲ್ಲ.

ಅವಳು ಕಾರ್ಡನ್ನು ಎಳೆದುಕೊಂಡು ಡಬ್ಬಿಯನ್ನು ಮೇಜಿನುದ್ದಕ್ಕೆ ಜಾರಿಸಿದಳು. ನೆವಿಲ್ ಅದನ್ನು ಒರೆಸಿದ, ಕನ್ನಡಕದ ಡಬ್ಬಿಗೆ ಹಾಕಿದ, ಡಬ್ಬಿಯನ್ನು ಜೇಬಿಗೆ ಹಾಕಿದ. ಎದ್ದು ನಿಂತರೂ ಹೊರಡಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕಾದ. ಏನಿದ್ದರೂ ಡಬ್ಬಿ ಅವನದೇ. ಆ ಊರಿನಲ್ಲಿ ಬಸ್ಸಿನ ಡ್ರೈವರಿಗೂ, ಕಾಲು ತುಳಿದವನಿಗೂ ಥ್ಯಾಂಕ್ಸ್ ಹೇಳಿಯೇ ಮುಂದೆ ಹೋಗುವುದು. ಅದು ಬರುತ್ತದೆಂದು ಅವನು ನಿಂತಿದ್ದ.

ಗ್ಲೆಂಡಾ ಅವನ ಮುಂದಿದ್ದ ತುಂಬಿದ ಲೋಟ ಎತ್ತಿ ಸಿಂಕಿಗೆ ಸುರಿದಳು. ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದಳು.

"ಬಾಗಿಲು ಬಿಗಿ ಇದೆ," ಅಂದಳು, ಹಿಂದಕ್ಕೆ ತಿರುಗದೆ. "ಜೋರಾಗಿ ಎಳ್ಕೊ."